ರಟ್ಟಿನ ಪೆಟ್ಟಿಗೆಯ ಹಿಂದೆ ಕೂತವನು

ಚುಕ್ಕಿ ಗೆರೆ ಹಿಡಿದು ಹರಿಯುವ ವಿದ್ಯೆ ನನಗೆ ಒಲಿಯಲಿಲ್ಲ. ಐವತ್ತು ದಾಟಿತು, ಇನ್ನು ಒಲಿಯುವ ಆಸೆಯೂ ಇಲ್ಲ. ಈಗಿನ ಕಂಪೆನಿಯವರು ಸಾಮಾನು ಕಳಿಸುವ ರಟ್ಟಿನ ಪೆಟ್ಟಿಗೆಯ ಮೇಲೆ ಒಂದು ಹೆಬ್ಬೆರಳಿನ ಚಿತ್ರ, ಒಂದು ಬಾಣ, ಬಾಣದ ಪಕ್ಕ ಸಾಲು ಚುಕ್ಕಿ ಅಚ್ಚು ಹಾಕಿರುತ್ತಾರೆ. ಇಲ್ಲಿ ಒತ್ತಬೇಕು, ಅಲ್ಲಿ ಎಳೆಯಬೇಕು, ಮುಚ್ಚಳವನ್ನು ಹಿಂದಕ್ಕೆ ಮಡಚಿ ಸೀಳಿನೊಳಗೆ ಸಿಕ್ಕಿಸಬೇಕು. ಆಗ ಸಾಮಾನು ತಂದ ಪೆಟ್ಟಿಗೆಯೇ ಸಾಮಾನನ್ನು ಜನರಿಗೆ ತೋರಿಸುವ ಮಂಟಪವಾಗುತ್ತದಂತೆ. ಆಗುತ್ತದೆ, ಇಲ್ಲವೆನ್ನುವುದಿಲ್ಲ. ಬೇರೆಯವರ ಅಂಗಡಿಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ನಾನು ಒತ್ತಿದರೆ ಮಾತ್ರ ಹೆಬ್ಬೆರಳು ಒಳಗೆ ಹೋಗಿ ಸಿಕ್ಕಿ ಬೀಳುತ್ತದೆ. ಎಳೆದರೆ ರಟ್ಟು ಚುಕ್ಕಿಯ ದಾರಿ ಬಿಟ್ಟು ತನಗೆ ಬೇಕಾದ ಕಡೆ ಹರಿಯುತ್ತದೆ. ಮುಚ್ಚಳದ ಮೇಲೆ ಒಬ್ಬಳು ಚಂದದ ಹುಡುಗಿ ಹಲ್ಲು ತೋರಿಸಿ ನಗುತ್ತಿರುತ್ತಾಳೆ. ಬೇರೆ ಅಂಗಡಿಗಳಲ್ಲಿ ಅವಳಿಗೆ ಹಣೆ, ತಲೆಗೂದಲು, ಕಿವಿಯೋಲೆ ಎಲ್ಲ ಉಂಟು. ನನ್ನ ಅಂಗಡಿಯಲ್ಲಿ ಅವಳು ಹುಬ್ಬಿನಿಂದ ಕೆಳಗೆ ಮಾತ್ರ.

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರೇ ನನ್ನ ಜಿನಸಿನ ಅಂಗಡಿ. ಅಪ್ಪ ಇಟ್ಟದ್ದು, ನಾನು ಉಳಿಸಿಕೊಂಡದ್ದು. ಅಪ್ಪನ ಕಾಲದಲ್ಲಿ ಎದುರಿನ ಮೇಜಿನ ಮೇಲೆ ಐದು ಗಾಜಿನ ಭರಣಿ ಇರುತ್ತಿದ್ದವು. ಒಂದರಲ್ಲಿ ಶುಂಠಿ ಮಿಠಾಯಿ, ಒಂದರಲ್ಲಿ ಕಡ್ಲೆ ಮಿಠಾಯಿ, ಉಳಿದವುಗಳಲ್ಲಿ ಆಯಾ ಕಾಲಕ್ಕೆ ಸಿಕ್ಕಿದ್ದು. ಅಪ್ಪ ಅವುಗಳ ಹಿಂದೆ ಕೂತು ಬಸ್ಸಿನಿಂದ ಇಳಿದವರು ಯಾರು, ಯಾರ ಮನೆಗೆ ನೆಂಟರು ಬಂದರು, ಯಾರ ಮಗಳು ಮುಖ ಸಪ್ಪೆ ಮಾಡಿಕೊಂಡು ತವರಿಗೆ ಬಂದಳು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಗಾಜಲ್ಲವೇ, ಮಿಠಾಯಿಯೂ ಕಾಣುತ್ತಿತ್ತು, ಮಿಠಾಯಿಯ ಆಚೆಯ ಊರೂ ಕಾಣುತ್ತಿತ್ತು. ಆ ಜಾಗದಲ್ಲಿ ಈಗ ಶಾಂಪೂವಿನ ಪೆಟ್ಟಿಗೆ, ಕೆಮ್ಮಿನ ಗುಳಿಗೆಯ ಪೆಟ್ಟಿಗೆ, ಬ್ಯಾಟರಿಯ ಪೆಟ್ಟಿಗೆ, ಸೊಳ್ಳೆಬತ್ತಿಯ ಪೆಟ್ಟಿಗೆ. ಒಂದೊಂದರ ಹಿಂದೆಯೂ ಒಬ್ಬೊಬ್ಬ ಸೇಲ್ಸ್‌ಮನ್. ಎಲ್ಲರಿಗೂ ಗಲ್ಲೆಯ ಪಕ್ಕದ ಜಾಗವೇ ಬೇಕು. ಬಣ್ಣ, ಚಿತ್ರ, ನಗು ಎಲ್ಲ ಗಿರಾಕಿಯ ಕಡೆಗೆ. ಹಿಂದೆ ಕೂತ ನನಗೆ ಕಾಣುವುದು ಬರೀ ಕಂದು ರಟ್ಟು. ಹೊಟ್ಟೆಪಾಡಿಗಾಗಿ ದಿನಕ್ಕೆ ಹನ್ನೆರಡು ಗಂಟೆ ರಟ್ಟು ನೋಡುವ ಮನುಷ್ಯನ ಬೇಸರ ಆ ಪೆಟ್ಟಿಗೆ ಕಂಡುಹಿಡಿದವನಿಗೆ ತಟ್ಟದೆ ಇರದು.

ಇಷ್ಟಾಗಿ, ಅದರಿಂದ ಯಾರಾದರೂ ಏನನ್ನಾದರೂ ತೆಗೆದುಕೊಳ್ಳುತ್ತಾರೆಯೇ? ನಮ್ಮವರು ಮರ್ಯಾದಸ್ಥರು. ಇನ್ನೊಬ್ಬನ ಅಂಗಡಿಯ ಸಾಮಾನಿಗೆ ಹೇಳದೆ ಕೇಳದೆ ಕೈ ಹಾಕುವುದು ಅವರ ಜಾಯಮಾನದಲ್ಲೇ ಇಲ್ಲ. ಮೂಗಿಗೆ ತಾಗುವ ಹಾಗೆ ಪೇಸ್ಟು ಇಟ್ಟಿದ್ದರೂ ಐತಪ್ಪಣ್ಣ ಪೆಟ್ಟಿಗೆಯ ಪಕ್ಕದಿಂದ ಕತ್ತು ಓರೆ ಮಾಡಿ ನನ್ನನ್ನು ಹುಡುಕಿ, "ವಿಠಲಣ್ಣ, ಪೇಸ್ಟು ಉಂಟಾ?" ಎಂದು ಕೇಳುತ್ತಾರೆ. ಐತಪ್ಪಣ್ಣನ ಬಾಯಲ್ಲಿ ಪೇಸ್ಟು ತಿಕ್ಕಲು ಹಲ್ಲೇ ಇಲ್ಲ; ಸೊಸೆಗೆಂದು ಒಯ್ಯುವುದು. "ನಿಮ್ಮ ಎದುರೇ ಉಂಟಲ್ಲ" ಎಂದರೆ, "ಅದು ಶೋಕಿಗೆ ಇಟ್ಟದ್ದಲ್ವಾ, ಒಳಗಿಂದ ಒಂದು ಕೊಡಿ" ಎನ್ನುತ್ತಾರೆ. ಆಗ ನಾನು ಎದ್ದು, ಪೆಟ್ಟಿಗೆಯ ತಲೆಯ ಮೇಲಿಂದ ಕೈ ಇಳಿಸಿ, ಬಾವಿಗೆ ಬಿದ್ದ ಕೊಡಪಾನ ತಡಕಿದ ಹಾಗೆ ತಡಕಿ ಒಂದನ್ನು ಎತ್ತಿ ಕೊಡಬೇಕು. ಹಾಗೆ ಎತ್ತಿ ಎತ್ತಿ ಪೇಸ್ಟಿನ ಪೆಟ್ಟಿಗೆಯ ಮೇಲಿನ ಸಾಲಿನ ಗೂಡುಗಳು ಖಾಲಿಯಾದವು. ತುಂಬಿಸಬೇಕೆಂದರೆ ಮೇಜಿನ ಬದಿಯ ಅಡ್ಡ ಹಲಗೆ ಎತ್ತಿ ಹೊರಗೆ ಹೋಗಿ ಎದುರು ನಿಲ್ಲಬೇಕು. ಮೊಣಕಾಲಿನ ಗಂಟು ಇದಕ್ಕೆಲ್ಲ ಒಪ್ಪುವುದಿಲ್ಲ. ಸತ್ಯ ಹೇಳಬೇಕೆಂದರೆ, ಗಂಟಿಗಿಂತ ಮೊದಲು ನಾನೇ ಒಪ್ಪುವುದಿಲ್ಲ.

ಅಷ್ಟು ಸಿಟ್ಟಿದ್ದರೆ ಆ ಪೇಸ್ಟಿನ ಪೆಟ್ಟಿಗೆಯನ್ನು ಯಾಕೆ ಇಟ್ಟುಕೊಂಡೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನನ್ನ ಮನೆಯ ಮಿಕ್ಸಿ. ಅದರ ಮುಚ್ಚಳದ ಕೊಂಡಿ ಮುರಿದು ವರ್ಷ ಎರಡಾಯಿತು. ಕಾಯಿ ಅರೆಯುವಾಗ ಹೆಂಡತಿ ಶಾರದೆ ಎರಡೂ ಕೈಯಿಂದ ಮುಚ್ಚಳವನ್ನು ಅದುಮಿ ಹಿಡಿಯಬೇಕು, ಸ್ವಿಚ್ಚು ಹಾಕಲು ಮೂರನೆಯ ಕೈ ಬೇಕು. ಕೈ ಸ್ವಲ್ಪ ಸಡಿಲವಾದರೆ ಸಾಂಬಾರಿನ ಮಸಾಲೆ ಗೋಡೆಗೆ. ಹೊಸತು ತರುತ್ತೇನೆಂದು ನಾನು ಎಷ್ಟು ಸಲ ಹೇಳಿದ್ದೇನೋ, ಅವಳು ಎಷ್ಟು ಸಲ ಕೇಳದವಳ ಹಾಗೆ ಇದ್ದಾಳೋ! ಹೀಗಿರುವಾಗ ಹೊಸಂಗಡಿಯ ಪ್ರಸಾದ, ಪೇಸ್ಟಿನ ಸೇಲ್ಸ್‌ಮನ್, ಮೂರು ಮೆಟ್ಟಿಲಿನ ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತು ತಂದ. "ಅಣ್ಣ, ಎರಡು ತಿಂಗಳು ಇದನ್ನು ಚಂದ ಇಟ್ಟುಕೊಳ್ಳಿ. ಮ್ಯಾನೇಜರ್ ಬಂದು ನೋಡಿ ಓಕೆ ಹೇಳಿದರೆ ಒಂದು ಮಿಕ್ಸಿ ನಿಮಗೆ" ಎಂದ. ಚುಕ್ಕಿ ಗೆರೆಯನ್ನೂ ಅವನೇ ಹರಿದುಕೊಟ್ಟ. ಹುಡುಗಿಗೆ ಹಣೆ ಉಳಿಯಿತು. ನಾನು ಮನೆಗೆ ಹೋಗಿ ಶಾರದೆಗೆ ಹೇಳಿದೆ. ಆ ದಿನ ಮೊದಲ ಬಾರಿಗೆ ಅವಳು ನಂಬಿದಳು. "ನಿಮ್ಮ ಮಾತಲ್ಲವಲ್ಲ, ಕಂಪೆನಿಯ ಮಾತಲ್ವಾ" ಎಂದಳು. ಕಪಾಟಿನ ಮೇಲೆ ಜಾಗ ಒರೆಸಿ ಅಲ್ಲಿದ್ದ ಉಪ್ಪಿನಕಾಯಿಯ ಭರಣಿಯನ್ನು ಆಚೆ ಸರಿಸಿಯೂ ಆಯಿತು.

ಇನ್ನು ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ಬಸ್ ಸ್ಟಾಪಿನ ಎದುರು ಅಂಗಡಿ ಇಟ್ಟವನು ಅರ್ಧ ಅಂಗಡಿಯವನು, ಅರ್ಧ ಊರಿನ ಕಪಾಟು. ಒಬ್ಬರು ಇಟ್ಟು ಹೋಗುವುದು, ಇನ್ನೊಬ್ಬರು ಬಂದು ಒಯ್ಯುವುದು. ಬೆಳಗ್ಗಿನ ಬಸ್ಸಿಗೆ ಹೋಗುವ ಟೀಚರು ಮನೆಯ ಬೀಗದ ಕೈ ಕೊಟ್ಟು, "ನಮ್ಮವರು ಬರುವಾಗ ಕೊಡಿ ಆಯ್ತಾ" ಎನ್ನುತ್ತಾರೆ. ಬೀಫಾತಿಮ ಜೀಪು ಓಡಿಸುವ ಮಗನಿಗೆಂದು ಡಾಕ್ಟರ ಮದ್ದಿನ ಚೀಟಿ ಕೊಡುತ್ತಾರೆ. ರೇಷನ್ ಕಾರ್ಡು, ವಿಲ್ಲೇಜ್ ಆಫೀಸಿನ ಸರ್ಟಿಫಿಕೇಟು, ಮದುವೆ ಕಾಗದ, ಒಮ್ಮೆ ಒಂದು ಜೋಡಿ ಚಪ್ಪಲಿ. ಯಾರದ್ದು ಯಾರಿಗೆ ಎಂದು ಎಲ್ಲ ನನ್ನ ತಲೆಯಲ್ಲಿ ಇರಬೇಕು. ಟೀಚರ ಬೀಗದ ಕೈಯನ್ನು ಇನ್ಯಾರಿಗೋ ಕೊಟ್ಟು ಅವರ ಯಜಮಾನರು ಎರಡು ಗಂಟೆ ಜಗಲಿಯಲ್ಲಿ ಕೂರಬೇಕಾಗಿ ಬಂದ ಕತೆ ಬೇರೆಯೇ ಉಂಟು. ಅದನ್ನು ಹೇಳಿ ಮರ್ಯಾದೆ ಕಳೆದುಕೊಳ್ಳುವುದಿಲ್ಲ.

ಖಾಲಿ ಗೂಡುಗಳನ್ನು ಮೊದಲು ಕಂಡವರು ಪಕ್ಕದ ಕೋಣೆಯ ಟೈಲರು ಸಂಜೀವಣ್ಣ. ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಅವರು ನನ್ನ ಅಂಗಡಿಯನ್ನೇ ನೋಡುತ್ತಿರುತ್ತಾರೆ. "ಎಂತ ಮಾರಾಯ, ಪೋಸ್ಟಾಫೀಸಿನ ಹಾಗೆ ಗೂಡು ಉಂಟಲ್ಲ ಇದರಲ್ಲಿ" ಎಂದು ಒಂದು ಬ್ಲೌಸಿನ ಅಳತೆ ಚೀಟಿಯನ್ನು ಒಳಗೆ ತುರುಕಿದರು. ಅದನ್ನು ನೋಡಿ ಇನ್ನೊಬ್ಬರು. ಪೇಸ್ಟಿಗೆ ಕೈ ಹಾಕಲು ಅಷ್ಟು ಸಂಕೋಚಪಟ್ಟ ಜನಕ್ಕೆ ಪೆಟ್ಟಿಗೆಯೊಳಗೆ ಸ್ವಂತದ್ದು ಇಡಲು ಏನೂ ಸಂಕೋಚ ಕಾಣಲಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಪ್ರಸಾದ ತಲೆ ಚಚ್ಚಿಕೊಂಡು, ಊರವರ ಸಾಮಾನನ್ನೆಲ್ಲ ತೆಗೆದು ಅಕ್ಕಿ ಗೋಣಿಯ ಮೇಲೆ ಸಾಲಾಗಿ ಇಟ್ಟು, ಪೇಸ್ಟು ಜೋಡಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದು, ಪುನಃ ಪೇಸ್ಟು ತೆಗೆದು ಊರವರ ಸಾಮಾನನ್ನು ಇದ್ದಲ್ಲಿಯೇ ಇಟ್ಟು ಹೋಗುತ್ತಿದ್ದ. ಅವನೂ ಈ ಊರಿನ ಕಡೆಯವನೇ. ಇನ್ನೊಬ್ಬರು ನಂಬಿ ಇಟ್ಟದ್ದನ್ನು ಜಾಗ ತಪ್ಪಿಸಿ ಹೋಗುವುದು ಅವನಿಂದಲೂ ಆಗದು.

ನಾನು ಗದರಿಸಬೇಕಿತ್ತು. ಮೊದಲೆರಡು ದಿನ ಗದರಿಸಿದೆ ಕೂಡ. ಮೂರನೆಯ ದಿನ ನನಗೆ ಜ್ಞಾನೋದಯವಾಯಿತು: ಯಾರದ್ದು ಯಾರಿಗೆ ಎಂಬ ತಲೆನೋವೇ ಇಲ್ಲವಲ್ಲ! ಇಡುವವರೇ ಹೆಸರು ಬರೆದು ಇಡುತ್ತಾರೆ, ಒಯ್ಯುವವರೇ ನೋಡಿ ಒಯ್ಯುತ್ತಾರೆ. ನಾನು ಕೂತಲ್ಲಿಂದ ಏಳಬೇಕಾಗಿಯೇ ಇಲ್ಲ. ಆ ಮೇಲೆ ಯಾರು ಬಂದು, "ಇದನ್ನೊಂದು ಇಟ್ಟುಕೊಳ್ಳಿ" ಎಂದರೂ ರಟ್ಟಿನ ಹಿಂದಿನಿಂದಲೇ, "ಅದರಲ್ಲಿ ಹಾಕಿ ಹೋಗಿ" ಎನ್ನತೊಡಗಿದೆ. ಈ ಮಾತು ಊರಿಗೆಲ್ಲ ಬಾಯಿಪಾಠವಾಯಿತು. ಮ್ಯಾನೇಜರ್ ಬರುವ ದಿನ ಹೇಗೂ ಪ್ರಸಾದ ಮೊದಲೇ ತಿಳಿಸುತ್ತಾನೆ, ಅಂದು ಬೆಳಗ್ಗೆ ಎಲ್ಲ ತೆಗೆದರಾಯಿತು ಎಂದುಕೊಂಡು ನಿಶ್ಚಿಂತೆಯಿಂದ ಇದ್ದೆ.

ಒಂದು ಬುಧವಾರ ಹನ್ನೊಂದು ಗಂಟೆಗೆ ಅಂಗಡಿಯ ಎದುರು ಕಾರು ನಿಂತಿತು. ಇಸ್ತ್ರಿ ಅಂಗಿಯ ಒಬ್ಬರು ಇಳಿದರು, ಹಿಂದಿನಿಂದ ಪ್ರಸಾದ. ಅವನು ನಗುತ್ತಲೇ ಇಳಿದವನು ಪೆಟ್ಟಿಗೆ ನೋಡಿದ್ದೇ ತಡ, ಬಿಳುಚಿಕೊಂಡ. ಮ್ಯಾನೇಜರರ ಬೆನ್ನ ಹಿಂದೆ ನಿಂತು ನನಗೆ ಕಣ್ಣು ಮಾಡಿದ, ಕೈ ಮಾಡಿದ, ಬಾಯಿ ತೆರೆದು ಮುಚ್ಚಿದ. ಹಲ್ಲುನೋವಿರಬೇಕು ಪಾಪ ಎಂದುಕೊಂಡೆ. ಮ್ಯಾನೇಜರು ಕೋಝಿಕ್ಕೋಡಿನವರು, ಮಾತು ಕಡಿಮೆ. ಅವರು ಮೊದಲ ಗೂಡಿನಿಂದ ಬೀಗದ ಕೈ ತೆಗೆದರು, ಎರಡನೆಯದರಿಂದ ರೇಷನ್ ಕಾರ್ಡು, ಮೂರನೆಯದರಿಂದ ಬ್ಲೌಸಿನ ತುಂಡು. ನಾಲ್ಕನೆಯದರಲ್ಲಿ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಒಂದಿತ್ತು. ಬಿಡಿಸಿದರು. ಕುಂಬಳೆಯಲ್ಲಿ ರಿಪೇರಿಯಾಗಿ ಜೀಪಿನಲ್ಲಿ ಬಂದ ಐತಪ್ಪಣ್ಣನ ಹಲ್ಲಿನ ಸೆಟ್ಟು! ಮೇಲಿನದ್ದೂ ಕೆಳಗಿನದ್ದೂ, ಹಣೆ ಸಮೇತ ನಗುವ ಆ ಹುಡುಗಿಯ ಕೆಳಗೆ, ಅವಳಿಗಿಂತ ಚೆನ್ನಾಗಿ ನಗುತ್ತಿದ್ದವು.

"ಇದೆಂದಾ?" ಇದೇನೆಂದು ಮಲಯಾಳದಲ್ಲಿ ಕೇಳಿದರು ಮ್ಯಾನೇಜರು. ಉತ್ತರ ಕೊಟ್ಟವರು ಟೇಪು ಕೊರಳಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದ ಸಂಜೀವಣ್ಣ: "ಸರ್, ತಪ್ಪು ತಿಳಿಯಬೇಡಿ. ಅದು ನಿಮ್ಮ ಪೇಸ್ಟು ಹಾಕಿ ಉದುರಿದ್ದಲ್ಲ, ಮೊದಲೇ ಹೋದದ್ದು."

ಮ್ಯಾನೇಜರು ಹಲ್ಲನ್ನು ಪುನಃ ಪೇಪರಿನಲ್ಲಿ ಸುತ್ತಿ ಜಾಗ್ರತೆಯಿಂದ ಗೂಡಿನಲ್ಲಿಟ್ಟರು, ಕೈ ಒರೆಸಿಕೊಂಡರು, ಕಾರು ಹತ್ತಿದರು. ಅದಕ್ಕೆ ಮೊದಲು ಅವರ ಕೈಯ ಕಾಗದದಲ್ಲಿ ನನ್ನ ಅಂಗಡಿಯ ಹೆಸರಿನ ಎದುರು ಒಂದು ಅಡ್ಡ ಗೆರೆ ಬಿದ್ದದ್ದನ್ನು ಪೆಟ್ಟಿಗೆಯ ಪಕ್ಕದಿಂದ ಕತ್ತು ಓರೆ ಮಾಡಿ ನಾನೇ ನೋಡಿದೆ. ಆ ಗೆರೆ ಎಷ್ಟು ನೇರವಾಗಿತ್ತು!

ಸಿಟ್ಟು ಬಂತು, ನಿಜವಾಗಿ ಬಂತು. ಊರವರ ಮೇಲೆ ಬಂತು, ಐತಪ್ಪಣ್ಣನ ಹಲ್ಲಿನ ಮೇಲೆ ಬಂತು, ಎಲ್ಲದಕ್ಕಿಂತ ಹೆಚ್ಚು ಪ್ರಸಾದನ ಮೇಲೆ ಬಂತು. ಒಂದು ಮಾತು ಮೊದಲೇ ತಿಳಿಸಲಿಕ್ಕೆ ಏನು ಧಾಡಿ ಅವನಿಗೆ? ಮಧ್ಯಾಹ್ನ ಬುತ್ತಿ ತಂದ ಶಾರದೆಯ ಎದುರು ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳಿಗೆ ಒರೆಸಿಟ್ಟ ಕಪಾಟಿನ ನೆನಪಾಗಿರಬೇಕು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಅವಳು ಗೂಡುಗಳಲ್ಲಿ ಇದ್ದದ್ದನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು. ಕೆಳಗಿನ ಸಾಲಿನ ಮೂಲೆಯಲ್ಲಿ ಕೈ ನಿಂತಿತು. ನಾಲ್ಕು ಮಡಿಕೆಯ ಒಂದು ಚೀಟಿ, ಮೇಲೆ ದೊಡ್ಡದಾಗಿ "ವಿಠಲಣ್ಣನಿಗೆ". ಬಿಡಿಸಿ, ಬಸ್ಸಿಗೆ ಕಾದು ನಿಂತವರಿಗೆಲ್ಲ ಕೇಳುವ ಹಾಗೆ ಓದಿದಳು: "ಅಣ್ಣ, ಫೋನು ಮಾಡಿದೆ, ರೇಂಜ್ ಇಲ್ಲ. ನೀವು ಕುಂಬಳೆಗೆ ಹೋಗಿದ್ದೀರಂತೆ. ಬುಧವಾರ ಹನ್ನೊಂದಕ್ಕೆ ಮ್ಯಾನೇಜರ್ ಬರುತ್ತಾರೆ. ಊರವರ ಸಾಮಾನೆಲ್ಲ ತೆಗೆದಿಡಿ. ಮಿಕ್ಸಿ ಗ್ಯಾರಂಟಿ. ಪ್ರಸಾದ."

"ಹೌದು ಮಾರಾಯ" ಎಂದರು ಸಂಜೀವಣ್ಣ, ಸೂಜಿಗೆ ನೂಲು ಪೋಣಿಸುತ್ತ. "ಶನಿವಾರ ಬಂದಿದ್ದ. ಕೈಯಲ್ಲಿ ಕೊಡ್ತೀರಾ ಅಂತ ನನ್ನಲ್ಲಿ ಕೇಳಿದ. ನಾನೇ ಹೇಳಿದ್ದು, ಅದರಲ್ಲಿ ಹಾಕಿ ಹೋಗು, ನಮ್ಮ ವಿಠಲನ ಅಂಗಡಿಯಲ್ಲಿ ಹಾಗೇ ಕ್ರಮ ಅಂತ."

ನಾಲ್ಕು ದಿನ ಆ ಚೀಟಿ ನನ್ನ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು. ನಡುವೆ ಇದ್ದದ್ದು ರಟ್ಟು. ಊರಲ್ಲಿ ಎಲ್ಲರ ಚೀಟಿ ಎಲ್ಲರಿಗೂ ಸಿಕ್ಕಿತು, ಬೀಫಾತಿಮರ ಮದ್ದು ಮನೆ ಮುಟ್ಟಿತು, ಐತಪ್ಪಣ್ಣ ಅದೇ ಸಂಜೆ ಹಲ್ಲು ಹಾಕಿಕೊಂಡು ಬಂದು ನನ್ನೆದುರೇ ಒಂದು ಚಕ್ಕುಲಿ ಕಡಿದು ತೋರಿಸಿದರು. ಸಿಗದೆ ಉಳಿದದ್ದು ಅಂಗಡಿಯ ಯಜಮಾನನಿಗೆ ಬಂದ ಒಂದೇ ಒಂದು ಚೀಟಿ.

ಪೆಟ್ಟಿಗೆಯನ್ನು ಎತ್ತಿ ಬಿಸಾಡುತ್ತೇನೆಂದು ಹೊರಟೆ. ಊರವರು ಬಿಡಲಿಲ್ಲ, "ಅಯ್ಯೋ, ಮತ್ತೆ ನಾವು ಎಲ್ಲಿ ಇಡುವುದು?" ಎಂದರು. ಹಾಗಾಗಿ ಅದು ಈಗಲೂ ಉಂಟು, ಮಳೆಗಾಲದ ತೇವಕ್ಕೆ ಸೊಂಟ ಬಗ್ಗಿಸಿಕೊಂಡು. ನಾನು ಮಾತ್ರ ಬುದ್ಧಿ ಕಲಿತಿದ್ದೇನೆ. ದಿನವೂ ಮಧ್ಯಾಹ್ನದ ಬಸ್ಸು ಹೋದ ಮೇಲೆ ಹಲಗೆ ಎತ್ತಿ, ಮೊಣಕಾಲು ಹಿಡಿದುಕೊಂಡು ಹೊರಗೆ ಹೋಗಿ, ನನ್ನದೇ ಅಂಗಡಿಯ ಎದುರು ಗಿರಾಕಿಯ ಹಾಗೆ ನಿಂತು ಒಂದೊಂದೇ ಗೂಡು ನೋಡುತ್ತೇನೆ. ಸಂಜೀವಣ್ಣ ಆಚೆಯಿಂದ, "ಎಂತ ಬೇಕಿತ್ತು?" ಎಂದು ಕೇಳುತ್ತಾರೆ. ನಿನ್ನೆ ನನ್ನ ಹೆಸರಿನ ಎರಡನೆಯ ಚೀಟಿ ಸಿಕ್ಕಿತು. ಬೆಳಗ್ಗೆ ಹೆಂಗಸರ ಸಂಘದ ಮೀಟಿಂಗಿಗೆ ಈ ದಾರಿಯಾಗಿ ಹೋದ ಶಾರದೆ, ರಟ್ಟಿನ ಹಿಂದೆ ಕೂತ ನನಗೆ ಒಂದು ಮಾತನ್ನೂ ಹೇಳದೆ, ಊರಿನ ಕ್ರಮದಂತೆಯೇ ಹಾಕಿ ಹೋದದ್ದು. ಅವಳ ಅಕ್ಷರ ದುಂಡಗೆ, ಓದಲು ಕಷ್ಟವಿಲ್ಲ: "ಸಂಜೆ ಬೇಗ ಬನ್ನಿ. ಮಿಕ್ಸಿಯ ಮುಚ್ಚಳ ಹಿಡಿಯಲಿಕ್ಕೆ ಜನ ಬೇಕು."