ನೋಡುವ

ನಮ್ಮ ಚಿಕ್ಕಮ್ಮನಿಗೆ ಕಿವಿ ಸರಿ ಉಂಟು, ಕಣ್ಣು ಸರಿ ಉಂಟು, ಬುದ್ಧಿಯಂತೂ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಉಂಟು. ಆದರೆ ಒಂದು ಶಬ್ದದ ಅರ್ಥ ಮಾತ್ರ ಅವರಿಗೆ ಗೊತ್ತಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಊರಿಡೀ ಹಾಗೆ ಹೇಳಿಕೊಂಡು ತಿರುಗಿದ್ದೂ ಉಂಟು.

ಆ ಶಬ್ದ ‘ನೋಡುವ’. ನಮ್ಮ ಕಡೆ ಯಾರೂ ‘ಆಗುವುದಿಲ್ಲ’ ಎಂದು ಮುಖಕ್ಕೆ ಹೇಳುವುದಿಲ್ಲ. ಅಷ್ಟು ಒರಟರೇ ನಾವು? ‘ನೋಡುವ’ ಅನ್ನುತ್ತೇವೆ. ಕೇಳಿದವನು ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾನೆ. ಇದೇ ಮಾತಿಗೆ ತುಳುವಿನಲ್ಲಿ ‘ತೂಕ’ ಅನ್ನುವುದು. ಹೆಸರಿಗೆ ತೂಕ, ಒಳಗೆ ಗುಲಗಂಜಿಯಷ್ಟೂ ಭಾರವಿಲ್ಲ.

ಪುತ್ತಿಗೆ, ಮಿಜಾರು, ಆಚೆ ಬಂಟ್ವಾಳದವರೆಗೆ ಹುಡುಕಿದರೂ ಈ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವ ಮನುಷ್ಯ ಒಬ್ಬರೇ, ನಮ್ಮ ಚಿಕ್ಕಮ್ಮ. ಒಮ್ಮೆ ದೂರದ ಸಂಬಂಧದ ಭಾವನೊಬ್ಬರನ್ನು ರಸ್ತೆಯಲ್ಲಿ ಕಂಡು, “ನಾಳೆ ಊಟಕ್ಕೆ ಬನ್ನಿ” ಅಂದರು. “ನೋಡುವ ಅತ್ತಿಗೆ” ಅಂದರು ಭಾವ. ಮರುದಿನ ಚಿಕ್ಕಮ್ಮ ಕೋಳಿ ಪದಾರ್ಥ ಮಾಡಿ, ರೊಟ್ಟಿ ಮಾಡಿ, ಎರಡು ಗಂಟೆಯವರೆಗೆ ಕಾದು, ಕೊನೆಗೆ ಭಾವನ ಮನೆಗೇ ನಡೆದರು. ಅವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರಂತೆ. “ನೋಡುವ ಅಂದಿದ್ದಿರಲ್ಲ, ನೋಡಿ ಆಯಿತಾ? ಬನ್ನಿ.” ಪಾಪ, ಭಾವ ಅವತ್ತು ಎರಡೆರಡು ಊಟ ಮಾಡಿದರು. ಆಮೇಲೆ ಅವರು ಚಿಕ್ಕಮ್ಮನನ್ನು ದೂರದಲ್ಲಿ ಕಂಡರೆ ಸಾಕು, “ಬರುವುದಿಲ್ಲ” ಎಂದು ಮೊದಲೇ ಹೇಳಿಬಿಡುತ್ತಿದ್ದರು.

ಇಂಥ ಚಿಕ್ಕಮ್ಮನ ಕೈಗೆ ಸರಕಾರ ಸಿಕ್ಕಿಬಿದ್ದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಮ್ಮ ಊರ ಸರಕಾರಿ ಶಾಲೆಯಲ್ಲಿ ಐದನೇ ಕ್ಲಾಸಿನ ಮಾಸ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಸರಕಾರದಲ್ಲಿ ದುಡ್ಡಿಲ್ಲ, ಖಾಲಿಯಾದ ಹುದ್ದೆ ತುಂಬುವ ಹಾಗಿಲ್ಲ, ಜೂನಿನಿಂದ ಐದನೇ ಕ್ಲಾಸು ಇಲ್ಲ ಎಂದು ತಿಳಿಯಿತು. ಬೇಕಿದ್ದರೆ ಮಕ್ಕಳು ಹೊಳೆಗೆ ಅಡ್ಡ ಹಾಕಿದ ಮರದ ಸಂಕ ದಾಟಿ ಆಚೆ ಊರಿನ ಶಾಲೆಗೆ ಹೋಗಬೇಕು. ಮಳೆಗಾಲದಲ್ಲಿ ಆ ಸಂಕ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಗಂಡುಮಕ್ಕಳು ಹೇಗಾದರೂ ಹೋದಾರು. ಹೆಣ್ಣುಮಕ್ಕಳು ಮನೆಯಲ್ಲಿ ಬೀಡಿ ಕಟ್ಟಲು ಕೂರುವುದೇ. ಚಿಕ್ಕಮ್ಮನ ಮಗಳು ಆ ವರ್ಷ ನಾಲ್ಕನೇ ಪಾಸಾಗಿದ್ದಳು.

ಮೂಡುಬಿದಿರೆಯಲ್ಲಿ ಡಿಗ್ರಿ ಓದುತ್ತಿದ್ದ ನಾನು ಅರ್ಜಿ ಬರೆದುಕೊಟ್ಟೆ. ರಿಕ್ಷಾದ ಹಮೀದಾಕನ ಮಗಳೂ ಅದೇ ಕ್ಲಾಸು, ಹಾಗಾಗಿ ರಿಕ್ಷಾ ಸಿಕ್ಕಿತು. ನಾವು ಹೋದ ಶಿಕ್ಷಣ ಇಲಾಖೆಯ ಕಚೇರಿ ಯಾವ ಊರಿನದ್ದು ಎಂದು ನಾನು ಹೇಳುವುದಿಲ್ಲ. ಎಲ್ಲ ಕಚೇರಿಗಳೂ ಹಾಗೆಯೇ ಇರುತ್ತವೆ. ಸಾಹೇಬರು ಘಟ್ಟದ ಮೇಲಿನವರು. ಅರ್ಜಿ ಓದಿ, ಮಡಚಿ, “ಆಯ್ತಮ್ಮ, ನೋಡೋಣ” ಅಂದರು.

“ಯಾವಾಗ?” ಅಂದರು ಚಿಕ್ಕಮ್ಮ.

“ಏನು ಯಾವಾಗ?”

“ನೋಡುವುದು.”

“ನೋಡೋಣ ಅಂದೆನಲ್ಲಮ್ಮ.”

“ನಾನೂ ಅದನ್ನೇ ಕೇಳುವುದು. ಹೊರಗೆ ರಿಕ್ಷಾ ಉಂಟು. ಈಗಲೇ ಹೋಗುವನಾ, ಊಟ ಮಾಡಿ ಹೋಗುವನಾ?”

ನಾನು ನೆಲ ನೋಡಿದೆ. ಸಾಹೇಬರು ಫ್ಯಾನು ನೋಡಿದರು. ಅವತ್ತು ಮೀಟಿಂಗ್ ಉಂಟು ಎಂದು ತಪ್ಪಿಸಿಕೊಂಡರು.

ಮುಂದಿನ ಗುರುವಾರ ಚಿಕ್ಕಮ್ಮ ಮತ್ತೆ ಹೋದರು. ಅದರ ಮುಂದಿನ ಗುರುವಾರವೂ ಹೋದರು. ಸುಮ್ಮನೆ ಕೂತರೆ ಸಂಸಾರ ನಡೆಯಬೇಕಲ್ಲ, ತಡ್ಪೆಯನ್ನೂ ಕೊಂಡುಹೋದರು. ತಡ್ಪೆ ಅಂದರೆ ಬೀಡಿ ಕಟ್ಟುವ ಗೆರಸೆ. ಎಲೆ, ಹೊಗೆಸೊಪ್ಪು, ನೂಲು, ಕತ್ತರಿ ಎಲ್ಲ ಅದರಲ್ಲೇ. ಕಚೇರಿಯ ಜಗಲಿಯಲ್ಲಿ ಕಾಲು ಚಾಚಿ ಕೂತು ಕಟ್ಟತೊಡಗಿದರು. ಮೂರನೇ ವಾರಕ್ಕೆ ಇನ್ನೂ ಐದಾರು ತಾಯಂದಿರು ತಮ್ಮ ತಮ್ಮ ತಡ್ಪೆ ಹಿಡಿದುಕೊಂಡು ಬಂದರು. ಪ್ಯೂನು ಓಡಿಬಂದು ಗೋಡೆ ತೋರಿಸಿದ.

“ಅಕ್ಕ, ಬೀಡಿ ಸೇದಬಾರದು ಅಂತ ಬೋರ್ಡು ಉಂಟು ಇಲ್ಲಿ.”

“ಓದಿದೆ ಮಾರಾಯ. ಕಟ್ಟಬಾರದು ಅಂತ ಎಲ್ಲಿಯೂ ಇಲ್ಲ.”

ಹಾಗಂತ ಬೋರ್ಡು ಹಾಕಿಸಲಿಕ್ಕೂ ಸರಕಾರದಲ್ಲಿ ದುಡ್ಡಿರಲಿಲ್ಲವೋ ಏನೋ! ಜಗಲಿ ಬೀಡಿ ಕಂಪೆನಿಯ ಬ್ರಾಂಚಿನ ಹಾಗಾಯಿತು. ಸಾಹೇಬರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಚಿಕ್ಕಮ್ಮ ತಲೆ ಎತ್ತಿ, ಬಹಳ ಮರ್ಯಾದೆಯಿಂದ, “ಇವತ್ತು ನೋಡುವನಾ ಸರ್?” ಎಂದು ಕೇಳುತ್ತಿದ್ದರು. ಜಗಳವಿಲ್ಲ, ಘೋಷಣೆ ಇಲ್ಲ. ಘೋಷಣೆ ಕೂಗಿದ್ದರೆ ಪೊಲೀಸರನ್ನಾದರೂ ಕರೆಸಬಹುದಿತ್ತು.

ಜೂನ್ ಮುಗಿಯುವ ಹೊತ್ತಿಗೆ ಸಾಹೇಬರು ಸೋತರು. ಹಮೀದಾಕನ ರಿಕ್ಷಾದಲ್ಲಿ ಚಿಕ್ಕಮ್ಮನ ತಡ್ಪೆಯನ್ನು ತಾವೇ ಮಡಿಲಲ್ಲಿ ಇಟ್ಟುಕೊಂಡು ಬಂದರು, ಬೇರೆ ಜಾಗ ಇರಲಿಲ್ಲ. ಮೊದಲು ಸಂಕಕ್ಕೆ ಕರೆದುಕೊಂಡು ಹೋದೆವು. ಅರ್ಧ ಸಂಕ ನೀರಿನಡಿ ಇತ್ತು. ಆಮೇಲೆ ಬೀಗ ಹಾಕಿದ್ದ ಐದನೇ ಕ್ಲಾಸಿನ ಕೋಣೆ ತೆರೆಸಿದರು. ಚಿಕ್ಕಮ್ಮ ಸೆರಗಿನಿಂದ ಒಂದು ಬೆಂಚು ಒರೆಸಿ, “ಕೂತ್ಕೊಳ್ಳಿ ಸರ್” ಅಂದರು. ಅವರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಸ್ವಲ್ಪ ಹೊತ್ತು ಕೂತರು.

“ನೋಡಿದೆ ಕಣಮ್ಮ” ಅಂದರು ಕೊನೆಗೆ.

“ಇನ್ನು ಏನು ಮಾಡುವ?” ಅಂದರು ಚಿಕ್ಕಮ್ಮ.

ನೋಡಿ, ಆ ‘ಮಾಡುವ’ದಲ್ಲಿ ಸಾಹೇಬರನ್ನೂ ಸೇರಿಸಿಕೊಂಡಾಗಿತ್ತು! ಜುಲೈಯಲ್ಲಿ ಬೇರೆ ಶಾಲೆಯಿಂದ ಒಬ್ಬರು ಟೀಚರನ್ನು ನಮ್ಮಲ್ಲಿಗೆ ಹಾಕಿದರು. ಐದನೇ ಕ್ಲಾಸು ಶುರುವಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಿಕ್ಕಮ್ಮ ದಿನಾ ಮಗಳನ್ನು ಬಿಡಲು ಹೋದವರು ಅಲ್ಲೇ ಕಿಟಕಿಯ ಕೆಳಗೆ ತಡ್ಪೆ ಹಾಕಿ ಕೂರತೊಡಗಿದರು. “ಟೀಚರು ಓಡಿಹೋಗದ ಹಾಗೆ ಕಾವಲು” ಎಂದು ನಾನು ಎಲ್ಲರಿಗೂ ಹೇಳಿ ನಗಿಸಿದೆ. ಒಂದು ದಿನ ನಾನು ಅವರಿಗೆ ಬೀಡಿ ಎಲೆ ಕೊಡಲು ಹೋಗಿದ್ದಾಗ ಟೀಚರು ಹೊರಗೆ ಬಂದರು.

“ಅಕ್ಕ, ಹೊರಗೆ ಯಾಕೆ ಕೂರುವುದು? ಹಿಂದಿನ ಬೆಂಚಿನಲ್ಲಿ ಮಗಳ ಪಕ್ಕ ಜಾಗ ಉಂಟು. ಒಳಗೆ ಬನ್ನಿ.”

ಚಿಕ್ಕಮ್ಮನ ಕೈ ನಿಂತಿತು. ತಡ್ಪೆ ನೋಡಿದರು, ತಮ್ಮ ಕಾಲು ನೋಡಿದರು. ಆಮೇಲೆ ಬಹಳ ಸಣ್ಣ ಸ್ವರದಲ್ಲಿ, “ನೋಡುವ” ಅಂದರು.

ಈ ತಮಾಷೆಯನ್ನು ಅಜ್ಜಿಗೆ ಹೇಳಲು ಓಡಿದೆ. ಚಿಕ್ಕಮ್ಮನನ್ನು ಹೆತ್ತವರಲ್ಲವೇ, ನಕ್ಕಾರು ಎಂದುಕೊಂಡಿದ್ದೆ. ಅಜ್ಜಿ ನಗಲಿಲ್ಲ.

“ಅವಳ ಕಾಲದಲ್ಲಿ ನಮ್ಮ ಶಾಲೆ ನಾಲ್ಕನೆಯವರೆಗೆ ಮಾತ್ರ. ಐದಕ್ಕೆ ಆಚೆ ಊರಿಗೆ ಸೇರಿಸಿ ಅಂತ ಅಪ್ಪನನ್ನು ಕೇಳಿದಳು. ಅವರು ‘ನೋಡುವ ಮಗಾ’ ಅಂದರು. ಆ ಜೂನ್ ಪೂರ್ತಿ ದಿನಾ ಬೆಳಿಗ್ಗೆ ಮಿಂದು, ತಲೆ ಬಾಚಿ, ಚೀಲ ಹಿಡಿದು ಮೆಟ್ಟಿಲಲ್ಲಿ ಕೂರುತ್ತಿದ್ದಳು, ಅಪ್ಪ ಈಗ ಕರೆದುಕೊಂಡು ಹೋಗ್ತಾರೆ ಅಂತ. ಜೂನ್ ಕಳೆದು, ಜಡಿಮಳೆಯ ಆಟಿ ತಿಂಗಳು ಬಂತು. ಕೈಗೆ ತಡ್ಪೆ ಕೊಟ್ಟೆವು.”

ನನಗೆ ನಾಚಿಕೆಯಾಯಿತು. ಆ ಶಬ್ದದ ಅರ್ಥ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಚಿಕ್ಕಮ್ಮನಿಗೇ.

ಮರುದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. “ಬನ್ನಿ ಚಿಕ್ಕಮ್ಮ, ಹೋಗುವ” ಅಂದೆ. ಅವರು ತಡ್ಪೆಯನ್ನು ಮೂಲೆಗೆ ಒರಗಿಸಿ, ಸೀರೆ ಬದಲಾಯಿಸಿ ಬಂದರು. ಹಿಂದಿನ ಬೆಂಚಿನಲ್ಲಿ ಮಗಳು ನಾಚಿಕೊಂಡು ಸ್ವಲ್ಪ ಸರಿದು ಕೂತಳು. ಟೀಚರು ಹಾಜರಿ ಕರೆದು ಮುಗಿಸಿ ಪುಸ್ತಕ ಮುಚ್ಚಿದರು. ಆಮೇಲೆ ಅದರಲ್ಲಿ ಇಲ್ಲದ ಒಂದು ಹೆಸರು ಕರೆದರು.

ಚಿಕ್ಕಮ್ಮ ಎದ್ದು ನಿಂತು, “ಬಂದಿದ್ದೇನೆ ಟೀಚರ್” ಅಂದರು.