ಕೇಳೋವರೆಗೂ ಹೂಂ, ಉಹೂಂ ಎರಡೂ

ಮೇಷ್ಟ್ರ ಪಾಠ ಕಾಲೇಜಲ್ಲೇ ಮುಗಿಯುತ್ತೆ ಅಂದ್ಕೊಂಡೋರು ಆಗ ನಮ್ಮ ಅಮ್ಮನ ಮನೆಗೆ ಒಂದು ದಿನ ಬರಬೇಕಿತ್ತು. ನನ್ನ ತಮ್ಮ ಭೌತಶಾಸ್ತ್ರದ ಮೇಷ್ಟ್ರು. ಲಕ್ಷ್ಮೀಪುರಂನಲ್ಲಿ ಅಮ್ಮನ ಜೊತೆ ಇದ್ದ. ನಾನು ಮದುವೆಯಾಗಿ ಪಕ್ಕದ ಬೀದಿಗೇ ಬಂದಿದ್ದರಿಂದ ಅವನ ಅವಾಂತರ ಒಂದೂ ನನಗೆ ತಪ್ಪಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅವನಿಗೊಂದು ಹುಚ್ಚು ಹತ್ತಿತು. ಅಣುವಿಗಿಂತ ಸಣ್ಣ ಕಣ ನಾವು ಅಳೆದು ನೋಡೋವರೆಗೂ ಹೀಗೂ ಇರುತ್ತೆ ಹಾಗೂ ಇರುತ್ತೆ, ಅಳೆದ ಮೇಲೇ ಒಂದು ಕಡೆ ನಿಲ್ಲುತ್ತೆ, ಇದು ಕ್ವಾಂಟಮ್ ಸಿದ್ಧಾಂತವಂತೆ. ಮನುಷ್ಯರ ಮನಸ್ಸೂ ಹಾಗೇ ಅನ್ನೋದು ಇವನ ವಾದ. ವಾದ ಮಾಡ್ಕೊಳ್ಳಲಿ, ನನ್ನ ಗಂಟೇನು ಹೋಗುತ್ತೆ. ಆದರೆ ಇವನಿಗೆ ಮೂವತ್ತೈದು ಹತ್ತಿರ ಬಂದಿತ್ತು, ಮದುವೆ ಆಗಿರಲಿಲ್ಲ. ಅಮ್ಮನಿಗೆ ಅದೊಂದೇ ಕೊರಗು. ನನಗೂ.

ಅಮ್ಮನ ಸಿಟ್ಟು

ಮೊದಲ ಪ್ರಯೋಗ ಅಮ್ಮನ ಮೇಲೇ. ಅಮ್ಮ ತನ್ನ ಪಾಡಿಗೆ ತಾನು ರಾಗಿ ಹಸನು ಮಾಡ್ತಾ ಕೂತಿದ್ದಳು. ಇವನು ಹೋಗಿ, ಅಮ್ಮ ನಿನಗೆ ಸಿಟ್ಟು ಬಂದಿದೆಯಾ ಅಂದ. ಇಲ್ಲವಲ್ಲೋ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗಿ, ನಿಜ ಹೇಳು, ಒಳಗೊಳಗೇ ಇಲ್ಲವಾ ಅಂದ. ಇಲ್ಲ ಕಣೋ ಅಂದಳು. ಮೂರನೇ ಸಲ ಬಾಗಿಲ ಹತ್ತಿರ ಕಂಡಾಗ ಅಮ್ಮ ಮೊರ ಎತ್ತಿದಳು.

ಇವನು ಓಡಿಬಂದು ನನ್ನ ಹತ್ತಿರ ಹೇಳಿದ್ದು: "ನೋಡಿದ್ಯಾ ಅಕ್ಕ, ಇಲ್ಲದೇ ಇದ್ದ ಸಿಟ್ಟು ಕೇಳಿದ್ದರಿಂದಲೇ ಬಂತು." ಅದನ್ನು ಕಂಡುಹಿಡಿಯೋಕೆ ಸಿದ್ಧಾಂತ ಯಾಕೋ, ನಿಮ್ಮ ಭಾವನಿಗೆ ಮದುವೆಯಾದ ವಾರದಲ್ಲೇ ಗೊತ್ತಾಯ್ತು ಅಂದೆ.

ಎದುರು ಮನೆಯ ಅಜ್ಜಿ

ಆಮೇಲೆ ಹೊಸದು ಹಿಡಿದ. ಎರಡು ಪ್ರಶ್ನೆಯಲ್ಲಿ ಯಾವುದು ಮೊದಲು ಕೇಳ್ತೀವೋ ಅದರ ಮೇಲೆ ಉತ್ತರ ಬದಲಾಗುತ್ತೆ ಅಂತ. ಎದುರು ಮನೆಯ ಅಜ್ಜಿ ಸಿಕ್ಕಿದರು. ಚೆನ್ನಾಗಿದ್ದೀರಾ ಅಂತ ಮೊದಲು ಕೇಳಿದ. ದೇವರು ಚೆನ್ನಾಗಿ ಇಟ್ಟಿದ್ದಾನೆ ಕಣಪ್ಪ ಅಂದರು. ಸೊಸೆ ಹೇಗೆ ಅಂದ. ಅವಳೂ ಒಳ್ಳೆಯವಳೇ ಅಂದರು.

ಮುಂದಿನ ವಾರ ತಿರುಗಿಸಿದ. ಸೊಸೆ ಹೇಗಿದ್ದಾರೆ ಅಂತ ಶುರು ಮಾಡಿದ್ದೇ ತಡ, ಅಜ್ಜಿ ಜಗಲಿ ಮೇಲೆ ಕಾಲು ಚಾಚಿ ಕೂತರು. ಸಾರಿಗೆ ಉಪ್ಪು ಹಾಕೋದರಿಂದ ಹಿಡಿದು ಎಲ್ಲ ಹೇಳಿ ಮುಗಿಸಿದ ಮೇಲೆ, ನೀವು ಚೆನ್ನಾಗಿದ್ದೀರಾ ಅಂದ. ಎಲ್ಲಿಯ ಚೆನ್ನ ಬುಡಪ್ಪ ಅಂತ ಅತ್ತುಬಿಟ್ಟರು. ಒಳಗಿದ್ದ ಸೊಸೆಗೆ ಎಲ್ಲ ಕೇಳಿಸಿತ್ತು. ಎರಡು ದಿನ ಆ ಮನೆಯ ಪಾತ್ರೆಗಳ ಸದ್ದು ಇಡೀ ಬೀದಿಗೆ.

ಮೂರನೇ ದಿನ ಆ ಸೊಸೆ ನಮ್ಮ ಗೇಟಿನ ಹತ್ತಿರ ಬಂದು ನಿಂತಳು. "ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ ಅಕ್ಕ. ನಮ್ಮತ್ತೇನ ಏನು ಬೇಕಾದ್ರೂ ಕೇಳಲಿ. ಆದರೆ ಮೊದಲನೇ ಸಲ ಕೇಳಿದ ಹಾಗೇ ಕೇಳಲಿ."

ಕೆಸರೆಯ ಸಂಬಂಧ

ಕೆಸರೆಗೆ ಹೆಣ್ಣು ನೋಡೋಕೆ ಹೋದೆವು. ಒಳ್ಳೆ ಜನ. ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ಹುಡುಗಿಯ ತಂದೆ, ನಮ್ಮ ಹುಡುಗಿ ಒಪ್ಪಿಗೆಯಾ ಅಂತ ವಿನಯವಾಗಿ ಕೇಳಿದರು. ಸದ್ಯಕ್ಕೆ ಒಪ್ಪಿಗೆಯೂ ಇದೆ, ಇಲ್ಲದೆಯೂ ಇದೆ ಅಂತ ಶುರು ಮಾಡಿದ ಇವನು ಪಾಠ ಮುಗಿಸೋ ಹೊತ್ತಿಗೆ ಕಾಫಿ ಆರಿಹೋಗಿತ್ತು. ಹೊರಡುವಾಗ ಆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ತಾಯಿ, ಇದು ಚಿಕ್ಕಂದಿನಿಂದಲೂ ಇದೆಯಾ, ಈಚೆಗೆ ಶುರುವಾಗಿದ್ದಾ?"

ಕುಂಬಾರಕೊಪ್ಪಲಿನ ಹುಡುಗಿ

ಆಮೇಲೆ ಕುಂಬಾರಕೊಪ್ಪಲಿನ ಹುಡುಗಿ. ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಈ ಸಲ ಇವನು ತುಟಿಪಿಟಕ್ಕೆನ್ನಲಿಲ್ಲ. ಮನೆಗೆ ಬಂದ ಮೇಲೆ ಹುಡುಗಿ ಹಿಡಿಸಿದಳಾ ಅಂದರೆ ಕಿವಿ ಕೆಂಪಗಾಯ್ತು. ಸರಿ, ನಮ್ಮ ಕಡೆಯಿಂದ ಒಪ್ಪಿಗೆ ಅಂತ ಹೇಳಿ ಕಳಿಸಿ, ಹುಡುಗಿ ಮನಸ್ಸು ಕೇಳೋಣ ಅಂದೆ. ಬೇಡವೇ ಬೇಡ ಅಂದ. ಯಾಕೋ ಅಂದೆ.

"ಕೇಳಿದಾಗ ಉಹೂಂ ಅಂದ್ಬುಟ್ರೆ? ಕೇಳೋವರೆಗೂ ಹೂಂ ಅನ್ನೋದು ಇದ್ದೇ ಇರುತ್ತಲ್ಲ ಅಕ್ಕ."

ಅಷ್ಟು ದಿನ ಬೈದಿದ್ದೆ, ಅವತ್ತು ಬೈಯೋಕೆ ಆಗಲಿಲ್ಲ. ಪಾಪ ಅನ್ನಿಸ್ತು.

ನಮ್ಮಲ್ಲಿ ಗಂಡಿನ ಕಡೆಯವರೇ ಮೊದಲು ಹೇಳಿ ಕಳಿಸಬೇಕು. ನಾವು ಕಳಿಸಲಿಲ್ಲ, ಅವರು ಕೇಳಲಿಲ್ಲ. ಹೀಗೇ ತಿಂಗಳು ಕಳೀತು. ಈ ಸಂಬಂಧವೂ ಹೋಯ್ತು ಅಂತ ಅಮ್ಮ ಊಟ ಬಿಟ್ಟಳು. ಒಂದು ಭಾನುವಾರ ಬೆಳಿಗ್ಗೆ ಆ ಹುಡುಗಿಯೇ ಮೊಪೆಡ್ಡಿನಲ್ಲಿ ಅಮ್ಮನ ಮನೆಗೆ ಬಂದು ಇಳಿದಳು. ನಾನು ಅಲ್ಲೇ ಇದ್ದೆ. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಂಡು ಹೋಗೋಕೆ ಬಂದೆ ಅಂದಳು. ಇವನು ಬೆವತು, ಅದು ಹಾಗಲ್ಲ, ಕೇಳೋಕೆ ಮುಂಚೆ ಮನಸ್ಸು ಎರಡೂ ಕಡೆ ಅಂತ ಶುರು ಮಾಡಿದ.

"ಈಗ ನಾನು ಕೇಳಿ ಆಯ್ತಲ್ಲ," ಅಂದಳು. "ಒಂದೇ ಹೇಳಿ."

ಹೂಂ ಅಂದ. ಎಷ್ಟು ಮೆಲ್ಲಗೆ ಅಂದರೆ, ಅಡುಗೆಮನೆಯಿಂದ ಅಮ್ಮ ಬಂದು ಏನಂದ ಏನಂದ ಅಂತ ನನ್ನನ್ನು ಕೇಳಿದಳು. ಮದುವೆ ಚೆನ್ನಾಗಿಯೇ ಆಯಿತು, ಮಗಳೂ ಹುಟ್ಟಿದಳು.

ಮೊನ್ನೆ ಮೊನ್ನೆ ಅನ್ನೋ ಹಾಗಿದೆ, ಒಂದು ಮಧ್ಯಾಹ್ನ ನಾನೂ ತಮ್ಮನ ಹೆಂಡತಿಯೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಅವತ್ತೇ ನಾವು ಕೇಳಿದ್ದಿದ್ರೆ ಏನಂತಿದ್ದೆ ಅಂದೆ.

"ಉಹೂಂ ಅಂದ್ಬುಡ್ತಿದ್ದೆ ಅತ್ತಿಗೆ. ಕೇಳ್ತಾರೆ, ಹೇಳ್ಬುಡೋಣ ಅಂತ ಕಾದೆ. ಯಾರೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ಯೋಚಿಸ್ತಾ ಯೋಚಿಸ್ತಾ ಇವರೇ ತಲೇಲಿ ಕೂತ್ಬುಟ್ರು."

ಹಾಗಾದರೆ ಆ ಮುಠ್ಠಾಳನ ಸಿದ್ಧಾಂತ ನಿಜವಾಯ್ತಲ್ಲ. ಈ ಮಾತು ಅವನ ಕಿವಿಗೆ ಬಿದ್ದರೆ ನಮ್ಮ ಗತಿ ಮುಗೀತು ಕಣಮ್ಮ, ಹೇಳ್ಬೇಡ ಅಂದೆ.

ಅವಳು ಕಾಳು ಬಿಡಿಸ್ತಾ ನಕ್ಕಳು.

"ಹೇಳೋಕೆ ಅವರು ಕೇಳಬೇಕಲ್ಲ ಅತ್ತಿಗೆ. ಮಗಳಿಗೆ ಅಕ್ಷರಾಭ್ಯಾಸ ಆಯ್ತು. ನಾನು ಒಪ್ಪಿದ್ದೀನಾ ಇಲ್ವಾ ಅಂತ ಇವತ್ತಿನವರೆಗೂ ಕೇಳಿಲ್ಲ."