ಸಂಪಿಗೆ ಕಟ್ಟೆ ಕಟ್ಟಿದ ಪ್ರಸಂಗ

ನಾನು ದ್ವೀಪವಾಸಿ. ಹೆಬ್ಬಾಳದಲ್ಲಿ ದ್ವೀಪ ಎಲ್ಲಿಂದ ಬಂತು ಎಂದು ನಗುವವರು ಒಂದು ಮಳೆಗಾಲ ನಮ್ಮ ಬೀದಿಗೆ ಬಂದು ನೋಡಬೇಕು. ಗೃಹಪ್ರವೇಶದ ದಿನ ನಾನು ಮೂರು ಮೆಟ್ಟಿಲು ಹತ್ತಿ ಈ ಮನೆಯೊಳಗೆ ಕಾಲಿಟ್ಟವಳು. ಈಗ ರಸ್ತೆಯಿಂದ ಒಂದು ಮೆಟ್ಟಿಲು ಇಳಿದು ಬರುತ್ತೇನೆ. ಮನೆ ಕುಸಿದಿಲ್ಲ, ರಸ್ತೆ ಬೆಳೆದಿದೆ. ಪ್ರತಿ ಚುನಾವಣೆಗೂ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಬಳಿಯುತ್ತಾರೆ, ಹಳೆಯದನ್ನು ಕೆರೆದು ತೆಗೆಯುವ ಪದ್ಧತಿ ಅವರಿಗಿಲ್ಲ. ಮಳೆಯೂ ಮೊದಲಿನ ಮರ್ಯಾದಸ್ಥ ಮಳೆಯಲ್ಲ. ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ, ಆಮೇಲೆ ಒಂದೇ ಮಧ್ಯಾಹ್ನ ಎಲ್ಲವನ್ನೂ ತಂದು ನಮ್ಮ ಗೇಟಿನ ಮುಂದೆ ಸುರಿದು ಹೋಗುತ್ತದೆ. ಆಗ ಮನೆಯ ಸುತ್ತಲೂ ನೀರು, ಕುಡಿಯಲು ಮಾತ್ರ ತೊಟ್ಟು ನೀರಿಲ್ಲ. ಏಕೆಂದರೆ ಕುಡಿಯುವ ನೀರು ತುಂಬಿಡುವ ನಮ್ಮ ನೆಲದಡಿಯ ತೊಟ್ಟಿಯ, ಅಂದರೆ ಸಂಪಿನ, ಬಾಯಿ ಅಂಗಳದ ಮಟ್ಟಕ್ಕೇ ಇದೆ; ಅದರೊಳಕ್ಕೆ ಮೋರಿಯ ನೀರು ಹೇಳದೆ ಕೇಳದೆ ಇಳಿದುಬಿಡುತ್ತದೆ.

ನಮ್ಮ ಯಜಮಾನರು ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ವಸ್ತುಗಳನ್ನು ತಿರುಗಿಸಿ ನೋಡಿ 'ರಿಜೆಕ್ಟ್' ಅನ್ನುವುದು ಅವರ ಕೆಲಸವಾಗಿತ್ತು. ಆ ಅಭ್ಯಾಸ ನಾನು ಮಾಡಿದ ಚಿತ್ರಾನ್ನದ ಮೇಲೂ ಹರಿಯುವುದುಂಟು, ಅದನ್ನು ಇಲ್ಲಿ ಎತ್ತುವುದಿಲ್ಲ. ಹೋದ ವರ್ಷ ಸಂಪು ಮೂರನೆಯ ಸಲ ಕೆಟ್ಟಾಗ ಅವರು ಮನೆಯನ್ನೇ ರಿಜೆಕ್ಟ್ ಮಾಡಿದರು.

"ಇನ್ನೊಂದ್ ಸಲ ಸಂಪಿಗೆ ಮೋರಿ ನೀರು ಬಂದ್ರೆ ಬಿಲ್ಡರ್‌ಗೆ ಸೈನ್ ಹಾಕ್ಬಿಡೋಣ. ಕೆಡವಿ ಅಪಾರ್ಟ್‌ಮೆಂಟ್ ಕಟ್ಕೊಳ್ಳಲಿ. ಆಗ ನೀನು ತಕರಾರು ಮಾಡ್ಬಾರ್ದು," ಅಂದರು.

"ಆಯ್ತು. ಬರ್ಲಿಲ್ಲ ಅಂದ್ರೆ ನೀವು ಬಿಲ್ಡರ್ ಹೆಸರು ಎತ್ಬಾರ್ದು," ಅಂದೆ.

ಹೇಳುವಾಗ ಧೈರ್ಯವಾಗಿಯೇ ಹೇಳಿದೆ. ಈ ಮನೆಯ ಪ್ರತಿ ಗೋಡೆಗೂ ನಿಂತು ನೀರು ಹೊಡೆದವಳು ನಾನು. ಯಾವುದೋ ರಸ್ತೆ ದಪ್ಪಗಾಯಿತೆಂದು ನಾನೇಕೆ ಎದ್ದುಹೋಗಬೇಕು? ಆಗಲೇ ಪತ್ರಿಕೆಯೊಂದರಲ್ಲಿ ಓದಿದೆ: ಎಲ್ಲೋ ಪುಟ್ಟ ದ್ವೀಪವೊಂದರಲ್ಲಿ ಸಮುದ್ರ ಉಕ್ಕಿ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತಿದೆಯಂತೆ. ಅಲ್ಲಿಯವರು ಊರು ಬಿಡದೆ ಬಾವಿಗೆ ಎತ್ತರದ ಕಟ್ಟೆ ಕಟ್ಟಿ, ಸೂರಿನ ಮಳೆನೀರು ಹಿಡಿದು ಬದುಕುತ್ತಿದ್ದಾರಂತೆ. ಅವರ ಹೆಸರು ಕುಲ ಗೊತ್ತಿಲ್ಲ, ಆದರೂ ನನ್ನ ಸ್ವಂತ ಅಕ್ಕತಂಗಿಯರು ಅನ್ನಿಸಿತು. ಅವರಿಗೆ ಸಮುದ್ರ, ನನಗೆ ಮೋರಿ, ಅಷ್ಟೇ ವ್ಯತ್ಯಾಸ.

ಮಾರನೆಯ ದಿನವೇ ಯಲಹಂಕದ ಆಚೆ ಹಳ್ಳಿಯಿಂದ ಬರುವ ಪ್ಲಂಬರ್ ಮುನಿರಾಜುವನ್ನು ಕರೆಸಿದೆ. ಗಾರೆ ಕೆಲಸವೂ ಅವನಿಗೆ ಬರುತ್ತದೆ. ಸಂಪಿನ ಸುತ್ತ ಮೂರಡಿ ಇಟ್ಟಿಗೆ ಕಟ್ಟೆ, ಮೇಲೊಂದು ಮುಚ್ಚಳ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣೆ. ಆದರೆ ನೆಲದೊಳಗಿಂದ ಸಂಪಿಗೆ ಕಾವೇರಿ ನೀರು ತರುವ ಪೈಪಿನ ಸಂದಿನಲ್ಲೂ ಮೋರಿ ನೀರು ಒಸರಬಹುದೆಂದು ಹೊಳೆದು, ಆ ಪೈಪನ್ನೂ ಕಟ್ಟೆಯ ಮೇಲಿಂದಲೇ ತಿರುಗಿಸು ಎಂದು ಅಪ್ಪಣೆ ಕೊಟ್ಟೆ.

ಮುನಿರಾಜು ತಲೆ ಕೆರೆದುಕೊಂಡ. "ಬ್ಯಾಡ ಕಣಕ್ಕಾ. ಇಂಗೆ ಮ್ಯಾಕೆತ್ತಿದ್ರೆ ಕಾವೇರಿ ಅತ್ತಾಕಿಲ್ಲ."

"ಟೆರೇಸ್ ಮೇಲಿನ ಟ್ಯಾಂಕಿಗೆ ಹತ್ತೋ ನೀರು ಮೂರಡಿ ಹತ್ತಲ್ವಾ?"

"ಅದನ್ನ ಅತ್ಸೋದು ಮೋಟ್ರು, ಅಕ್ಕಾ."

"ನಾನು ಹೇಳಿದಷ್ಟು ಮಾಡಪ್ಪ," ಅಂದೆ. ಅವನು ಮಾಡಿದ.

ಕಟ್ಟೆಗೆ ಸುಣ್ಣ ಬಳಿದದ್ದೇ ತಡ, ಬೀದಿಯ ಹೂವಿನಜ್ಜಿ ಯಾವುದೋ ಗದ್ದುಗೆ ಎಂದುಕೊಂಡು ದಿನಾ ಒಂದು ಮೊಳ ಕನಕಾಂಬರ ಇಟ್ಟು ಕೈಮುಗಿಯತೊಡಗಿದಳು. ಎದುರುಮನೆಯ ಶಾಹಿದಾ ಗೇಟಿಗೆ ಒರಗಿ, "ಯಾರ್ದಕ್ಕಾ ಸಮಾಧಿ? ಭಾಯ್‌ಸಾಬ್ ಒಳಗೇ ಇದಾರೆ ತಾನೇ?" ಎಂದು ಕೇಳಿದಳು. ನಾನು ಯಾರಿಗೂ ಸೊಪ್ಪು ಹಾಕಲಿಲ್ಲ.

ಕಾವೇರಿ ಬಿಡುವ ದಿನ ಬಂತು. ಕಟ್ಟೆಯ ಮೇಲೆ ಕಿವಿಯಿಟ್ಟು ಕಾದೆ. ಪೈಪು ಉಸ್ಸೆಂದಿತು, ಎರಡು ಸಲ ಕೆಮ್ಮಿತು, ಸುಮ್ಮನಾಯಿತು. ನಮ್ಮ ಬೀದಿಗೆ ಬರುವ ನೀರಿಗೆ ಗುಂಡಿಗೆ ಇಳಿಯುವಷ್ಟೇ ತ್ರಾಣ. ಮೋರಿಯ ಜೊತೆಗೆ ಕಾವೇರಿಯನ್ನೂ ಹೊರಗಿಟ್ಟು ಬಾಗಿಲು ಹಾಕಿದ್ದೆ.

ಯಜಮಾನರು ಶನಿವಾರ ಈರುಳ್ಳಿಗೆಂದು ಯಶವಂತಪುರದ ಮಂಡಿಗೆ ಹೋದಾಗ ಮುನಿರಾಜುವನ್ನು ಗುಟ್ಟಾಗಿ ಕರೆಸಿದೆ. ಅವನು ನಗಲಿಲ್ಲ, ಅದು ಅವನ ದೊಡ್ಡಗುಣ. "ಕಟ್ಟೆ ಒಡೆದು ಪೈಪು ಇಳ್ಸಿದ್ರೆ ಗಾರೆ ಒಣಗಾಕೆ ಟೇಮ್ ಬೇಕಕ್ಕಾ. ಮಳೆ ಬಂದ್ಬುಟ್ರೆ ಎಲ್ಲಾ ಹೋಯ್ತದೆ," ಅಂದ. ನಾನು ಆಕಾಶ ನೋಡಿದೆ, ದ್ವೀಪದ ಅಕ್ಕತಂಗಿಯರನ್ನು ನೆನೆದೆ. ತಾರಸಿಯ ಮಳೆನೀರಿಗೆ ಯಾರ ಮೋಟಾರೂ ಬೇಡ, ಮೇಲಿಂದ ಕೆಳಕ್ಕೆ ತಾನೇ ಬರುತ್ತದೆ. ಸಂಜೆಯೊಳಗೆ ತಾರಸಿಯ ಪೈಪು, ಜಲ್ಲಿ ಮರಳು ತುಂಬಿದ ಡ್ರಮ್ಮಿನ ಮೂಲಕ ಸಂಪಿಗೆ ಸೇರಿತು. ತಾರಸಿಯಲ್ಲಿ ಸಂಡಿಗೆ ಒಣಗಿಸುವುದು ಬಂದ್ ಆಯಿತು. ಮಳೆ ಕೂಡಿಬರುವ ತನಕ ಅಂಗಳದ ತಗ್ಗಿನಲ್ಲಿದ್ದ ಕಾವೇರಿ ನಲ್ಲಿಯಲ್ಲಿ ಬಿಂದಿಗೆ ಹಿಡಿದು ಹಿಡಿದು ನನ್ನ ಸೊಂಟ ಬಿದ್ದುಹೋಯಿತು. ಯಜಮಾನರು ಕೇಳಿದರೆ ವ್ಯಾಯಾಮ ಅಂದೆ.

ಸಣ್ಣ ಮಳೆಗಳು ತಾರಸಿ ತೊಳೆದು, ಸಂಪನ್ನು ಅರ್ಧ ತುಂಬಿಸಿದವು. ಆಮೇಲೆ ಒಂದು ಮಧ್ಯಾಹ್ನ ದೊಡ್ಡದು ಬಂತು. ರಸ್ತೆ ಹೊಳೆಯಾಯಿತು, ಅಂಗಳ ಮುಳುಗಿತು, ಕೊಳಕು ನೀರು ಕಟ್ಟೆಯನ್ನು ಒಂದೊಂದೇ ಇಟ್ಟಿಗೆ ಹತ್ತಿತು. ನಾನು ಹೊಸ್ತಿಲಿಗೆ ಮರಳಿನ ಮೂಟೆ ಒಡ್ಡಿ, ಬಾಗಿಲಲ್ಲಿ ನಿಂತು ಇಟ್ಟಿಗೆ ಎಣಿಸಿದೆ. ಮೇಲಿನ ಎರಡು ವರಸೆ ಉಳಿದಿರುವಾಗ ನೀರು ನಿಂತಿತು. ಯಜಮಾನರು ಪಂಚೆ ಎತ್ತಿಕಟ್ಟಿ ನಡೆದುಹೋಗಿ, ಸ್ಟೀಲ್ ಲೋಟದಲ್ಲಿ ಸಂಪಿನ ನೀರು ಮೊಗೆದು, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. ಅವರ ತೀರ್ಪಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಲೋಟ ಕಿತ್ತುಕೊಂಡು ಗಟಗಟನೆ ಕುಡಿದೆ.

"ಪಾಸ್," ಅಂದರು, ಖಾಲಿ ಲೋಟವನ್ನೂ ಒಮ್ಮೆ ತಿರುಗಿಸಿ ನೋಡಿ.

ಬೀದಿಯ ಉಳಿದ ಸಂಪುಗಳೆಲ್ಲ ಕೆಟ್ಟಿದ್ದವು. ಟ್ಯಾಂಕರ್ ಮೇನ್ ರೋಡಿನಿಂದ ಈಚೆ ಬರಲು ಒಪ್ಪಲಿಲ್ಲ. ಶಾಹಿದಾ ಮೊಣಕಾಲುದ್ದ ನೀರಿನಲ್ಲಿ ಬಂದು, "ಅಕ್ಕಾ, ನಿಮ್ ಸಮಾಧೀಲಿ ಎರಡು ಕೊಡ ನೀರು ಸಿಗುತ್ತಾ?" ಅಂದಳು. ಅವಳ ಹಿಂದೆ ಬೀದಿಯೇ ಬಂತು.

ಬಿಲ್ಡರ್ ಹೆಸರು ಮತ್ತೆ ಕೇಳಿಬಂದಿಲ್ಲ. ಈಗ ಮನೆಗೆ ಯಾರೇ ಬಂದರೂ ಯಜಮಾನರು ಮೊದಲು ಕಟ್ಟೆಯ ಬಳಿ ಕರೆದೊಯ್ಯುತ್ತಾರೆ. "ಕಾವೇರಿ ಪೈಪ್ ಮೇಲಿದೆ ನೋಡಿ. ಕಾವೇರೀನ ನಂಬ್ಕೊಂಡು ಕೂರೋ ಕಾಲ ಹೋಯ್ತು ಅಂತ ಇವಳು ಬೇಕಂತಲೇ ಹಾಗೆ ಮಾಡ್ಸಿದ್ದು. ಎಂಥ ಮುಂದಾಲೋಚನೆ," ಎಂದು ವಿವರಿಸುತ್ತಾರೆ. ಮೊನ್ನೆ ಹಾಗೆ ವಿವರಿಸುವಾಗ ಮುನಿರಾಜು ಅಲ್ಲೇ ಡ್ರಮ್ಮಿನ ಮರಳು ತೊಳೆಯುತ್ತಿದ್ದ. ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ, ಮತ್ತೆ ಮರಳಿಗೆ ಕೈಹಾಕಿದ. ನಾನು ಒಳಗೆ ಹೋಗಿ, ಆಗಷ್ಟೇ ಕಾಫಿ ಕುಡಿದಿದ್ದ ಅವನಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟೆ. ಈ ಸಲ ಜೊತೆಗೆ ಚಕ್ಕುಲಿಯನ್ನೂ ಇಟ್ಟಿದ್ದೆ.